ಲೆಕ್ಕ ನೋಡೋರು ಊರಿನವರೇ ಆಗಬೇಕಾ?

ಮಂಡ್ಯದಲ್ಲಿ ಸಣ್ಣ ವ್ಯಾಪಾರ ಮಾಡೋ ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಆಡಿಟರ್ ಇಲ್ಲಿನವರೇ ಇರಲಿ ಅಂತ ಒಬ್ಬರು, ಬೆಂಗಳೂರಿನವರಾದರೆ ಕೆಲಸ ಅಚ್ಚುಕಟ್ಟು ಅಂತ ಇನ್ನೊಬ್ಬರು. ಈಗ ಮೊಬೈಲಲ್ಲೇ ಎಲ್ಲ ಆಗುತ್ತೆ, ಯಾರೂ ಬೇಡ ಅನ್ನೋ ಹುಡುಗರೂ ಇದ್ದಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತಿಂಗಳು ತಿಂಗಳ ಲೆಕ್ಕಕ್ಕೆ ನಮ್ಮ ಜಾಗ ಕಣ್ಣಾರೆ ನೋಡಿದವರೇ ಬೇಕು. ಒಂದು ಸಲಕ್ಕೆ ಮುಗಿಯೋ ಕೆಲಸಕ್ಕೆ, ಆ ಕೆಲಸ ಚೆನ್ನಾಗಿ ಬಲ್ಲವರು ಎಲ್ಲಿದ್ದರೂ ನಡೆಯುತ್ತೆ.

ನಮ್ಮದು ಬೆಲ್ಲದ ಕೆಲಸ. ಆಲೆಮನೆಗಳಿಂದಲೂ ಎಪಿಎಂಸಿ ಯಾರ್ಡಿನಿಂದಲೂ ಬೆಲ್ಲ ತರುತ್ತೇವೆ. ಬಕೆಟ್ ಬೆಲ್ಲ ಸ್ವೀಟ್ ಅಂಗಡಿಗಳಿಗೆ ಹಾಗೇ ಹೋಗುತ್ತದೆ. ಅಚ್ಚು ಬೆಲ್ಲ, ಪುಡಿ ಬೆಲ್ಲವನ್ನು ಅರ್ಧ ಕೆಜಿ, ಒಂದು ಕೆಜಿ ಪೌಚಿಗೆ ತುಂಬಿ, ನಮ್ಮ ಲೇಬಲ್ ಹಚ್ಚಿ ಅಂಗಡಿಗಳಿಗೆ ಕೊಡುತ್ತೇವೆ. ಒಂದಿಷ್ಟು ಮಾಲು ಹೊಸೂರಿಗೂ ಹೋಗುತ್ತದೆ. ಯಜಮಾನರು ಖರೀದಿ, ಸಾಗಣೆ ನೋಡಿಕೊಳ್ಳುತ್ತಾರೆ. ಪ್ಯಾಕಿಂಗು, ಲೆಕ್ಕ, ಕಾಗದ ಪತ್ರ ನನ್ನದು.

ನಾನು ಮೈಸೂರಿನ ಹುಡುಗಿ. ಅಪ್ಪನಿಗೆ ಅಲ್ಲಿ ಪಾತ್ರೆ ಅಂಗಡಿ ಇತ್ತು. ಅಪ್ಪನ ಆಡಿಟರು ಆಯುಧ ಪೂಜೆಗೆ ತಪ್ಪದೆ ಅಂಗಡಿಗೆ ಬರೋರು. ಪೂಜೆ ಮುಗಿದ ಮೇಲೆ ಸುಮ್ನೆ ಒಂದು ಸುತ್ತು ಹಾಕಿ, ಅಟ್ಟದ ಮೇಲೆ ಎಷ್ಟು ಮಾಲು ಕೂತಿದೆ ಅಂತ ಕಣ್ಣಲ್ಲೇ ಅಳೆದುಬಿಡೋರು. ವರ್ಷದ ಕೊನೆಗೆ ಅಪ್ಪ ಕೊಟ್ಟ ಸ್ಟಾಕ್ ಲೆಕ್ಕ ನೋಡಿ, 'ಏನ್ರೀ, ಅಟ್ಟದ ಮೇಲಿನ ಹಿತ್ತಾಳೆ ಸೇರಿಸಿದೀರಾ?' ಅಂತ ಕೇಳೋರು. ಲೆಕ್ಕ ನೋಡೋರು ಅಂದರೆ ಹೀಗೇ ಇರಬೇಕು ಅಂತ ಆಗಲೇ ನನ್ನ ತಲೆಯಲ್ಲಿ ಕೂತಿತು.

ನಮ್ಮ ಘಟಕ ಶುರುವಾದಾಗ ಪರಿಚಯದವರೊಬ್ಬರು ಬೆಂಗಳೂರಿನ ಒಂದು ಆನ್‌ಲೈನ್ ಕಂಪನಿಯನ್ನು ತೋರಿಸಿಕೊಟ್ಟರು. ತಿಂಗಳಿಗೆ ಇಷ್ಟು ಅಂತ ಫೀಸು, ಊರಿನವರಿಗಿಂತ ಕಡಿಮೆ. ಬಿಲ್ಲಿನ ಫೋಟೋ ಕಳಿಸಿದರೆ ಸಾಕು, ರಿಟರ್ನ್ ಅವರೇ ಹಾಕುತ್ತಾರೆ. ಮಾತಾಡಿದವರೆಲ್ಲ ಮರ್ಯಾದೆಯಿಂದಲೇ ಮಾತಾಡಿದರು. ಆದರೆ ಪ್ರತಿ ಸಲವೂ ಬೇರೆ ದನಿ. ಪ್ರತಿ ಸಲವೂ ನಾನು ಮೊದಲಿನಿಂದ ಕಥೆ ಹೇಳಬೇಕು. ಒಬ್ಬರು 'ಕಾಂಪೋಸಿಷನ್ ಸ್ಕೀಮ್ ತಗೊಳ್ಳಿ ಮೇಡಂ, ಒಂದು ಪರ್ಸೆಂಟ್ ಕಟ್ಟಿದ್ರೆ ಮುಗೀತು' ಅಂದರು. ಸಣ್ಣ ವ್ಯಾಪಾರದವರು ವಹಿವಾಟಿನ ಮೇಲೆ ಇಷ್ಟು ಅಂತ ಜಿಎಸ್‌ಟಿ ಕಟ್ಟೋ ಸರಳ ದಾರಿ ಅದು, ಕೇಳೋಕೆ ಚೆನ್ನಾಗಿತ್ತು. ನಾನೇ 'ಹೊಸೂರಿಗೂ ಮಾಲು ಕಳಿಸ್ತೀವಲ್ಲ?' ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಕಾಂಪೋಸಿಷನ್ ತಗೊಂಡವರು ಬೇರೆ ರಾಜ್ಯಕ್ಕೆ ಮಾಲು ಮಾರೋ ಹಾಗಿಲ್ಲ. ಹೊಸೂರು ಇಲ್ಲೇ ಪಕ್ಕ ಅನ್ನಿಸಿದರೂ ಅದು ತಮಿಳುನಾಡು. ಮಾಲು ಎಲ್ಲಿಗೆ ಹೋಗುತ್ತೆ ಅಂತ ಅವರು ಕೇಳಿಯೇ ಇರಲಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಬೆಲ್ಲದ ತೆರಿಗೆಯಲ್ಲೇ ಆಯಿತು. ಇದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಬೆಲ್ಲದವರಲ್ಲೇ ಎಷ್ಟೋ ಜನಕ್ಕೆ ಇದು ಗೊಂದಲ. ಲೇಬಲ್ ಇಲ್ಲದ ಲೂಸ್ ಬೆಲ್ಲಕ್ಕೆ ಜಿಎಸ್‌ಟಿ ಇಲ್ಲ. 2022ರ ಜುಲೈ 18ರಿಂದ ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೆಲ್ಲಕ್ಕೆ 5% ಬಂತು. ಅಂದರೆ ಒಂದೇ ಆಲೆಮನೆಯಿಂದ, ಒಂದೇ ದಿನ, ಒಂದೇ ಗಾಡಿಯಲ್ಲಿ ಬಂದ ಬೆಲ್ಲ ನಮ್ಮ ಶೆಡ್ಡಿನಲ್ಲಿ ಎರಡು ದಾರಿ ಹಿಡಿಯುತ್ತದೆ. ಈ ಕಡೆ ಇಟ್ಟಿದ್ದಕ್ಕೆ ತೆರಿಗೆ ಇಲ್ಲ, ಆ ಕಡೆ ಪೌಚಿಗೆ ಹೋಗಿದ್ದಕ್ಕೆ ಇದೆ. ಖರ್ಚಿನಲ್ಲೂ ಹಾಗೇ. ಪೌಚು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಪ್ಯಾಕ್ ಬೆಲ್ಲದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಲೂಸ್ ಬೆಲ್ಲಕ್ಕೆ ಮಾಡಿದ ಖರ್ಚಿನದ್ದು ಕಳೆಯೋ ಹಾಗಿಲ್ಲ. ತಕ್ಕಡಿ ರಿಪೇರಿ ಥರದ, ಎರಡಕ್ಕೂ ಸೇರಿದ ಖರ್ಚನ್ನು ವಹಿವಾಟಿನ ಪ್ರಮಾಣ ನೋಡಿ ಪಾಲು ಮಾಡಬೇಕು.

ಆ ಕಂಪನಿಯವರು 'ಬೆಲ್ಲ ಅಂದ್ರೆ ಟ್ಯಾಕ್ಸ್ ಇಲ್ಲ' ಅಂತ ಎಲ್ಲವನ್ನೂ ಒಂದೇ ಕಡೆ ಹಾಕಿಬಿಟ್ಟಿದ್ದರು. ನಾನು ಕಳಿಸಿದ ಬಿಲ್ಲಿನಲ್ಲಿ 5% ಅಂತ ಸ್ಪಷ್ಟವಾಗಿ ಬರೆದಿತ್ತು. ಅವರಿಗೆ ಬರೆದು ಕೇಳಿದರೆ ಒಂದು ನಂಬರು ಬಂತು, 48 ಗಂಟೆಯಲ್ಲಿ ಉತ್ತರ ಕೊಡ್ತೀವಿ ಅಂತ. ಆ 48 ಗಂಟೆಯೊಳಗೆ 20ನೇ ತಾರೀಖು ಬಂದು ಹೋಯಿತು. ತಿಂಗಳ ರಿಟರ್ನ್ ಹಾಕೋರಿಗೆ ಜಿಎಸ್‌ಟಿಆರ್-3ಬಿಗೆ ಅದೇ ಕೊನೇ ದಿನ. ಆಮೇಲೆ ದಿನದ ಲೆಕ್ಕದಲ್ಲಿ ಲೇಟ್ ಫೀ, ಕಟ್ಟಬೇಕಾದ ತೆರಿಗೆ ಮೇಲೆ ವರ್ಷಕ್ಕೆ 18% ಬಡ್ಡಿ. ದುಡ್ಡು ದೊಡ್ಡದಲ್ಲ. ಆದರೆ ಆ ಎರಡು ದಿನ ಯಾರಿಗೆ ಫೋನ್ ಮಾಡಬೇಕು ಅಂತಲೇ ಗೊತ್ತಿಲ್ಲದೆ ಕೂತಿದ್ದು ನನಗೆ ಬಹಳ ಬೇಜಾರಾಯಿತು.

ಆಮೇಲೆ ಮಂಡ್ಯದವರನ್ನೇ ಹುಡುಕಿದೆವು. ಅವರು ಮೊದಲ ದಿನ ಆಫೀಸಿಗೆ ಬನ್ನಿ ಅನ್ನಲಿಲ್ಲ, ತಾವೇ ಶೆಡ್ಡಿಗೆ ಬಂದರು. ಅವತ್ತು ಅಚ್ಚು ಬೆಲ್ಲದ ಪ್ಯಾಕಿಂಗ್ ನಡೀತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರು ಮೊದಲು ಒಂದು ಪೌಚು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ಓದಿದರು. ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ತಿಂಗಳು, ವಿಳಾಸ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನಂಬರು, ಎಲ್ಲಾ. ಆಮೇಲೆ ಗೋಡೆ ಪಕ್ಕ ಸಾಲಾಗಿ ಇಟ್ಟಿದ್ದ ಬಕೆಟ್ ಬೆಲ್ಲದ ಹತ್ತಿರ ಹೋದರು.

'ಇದ್ಕೆ ಲೇಬಲ್ ಹಾಕ್ತೀರೇನಮ್ಮಾ?'

'ಇಲ್ಲ ಸಾರ್, ಇದು ಸ್ವೀಟ್ ಅಂಗಡಿಯೋರ್ಗೆ ಹಂಗೇ ಹೋಗದು.'

'ಬಿಲ್ ಬುಕ್ ಒಂದೇನಾ?'

'ಒಂದೇ ಸಾರ್.'

'ಎರಡು ಮಾಡ್ಕಳಿ. ಲೂಸಿಗೊಂದು, ಪ್ಯಾಕಿಗೊಂದು. ಇಲ್ಲೇ ಬೇರೆ ಆದ್ರೆ ನಮ್ ಆಫೀಸಿನ ಹುಡುಗೀಗೆ ತಲೆನೋವಿರಲ್ಲ.'

ಅಷ್ಟೇ. ಕಾಲು ಗಂಟೆಯೂ ಹಿಡಿಯಲಿಲ್ಲ. ಹೋಗುವಾಗ ಆಲೆಮನೆಯವರಿಗೆ ದುಡ್ಡು ಹೇಗೆ ಕೊಡುತ್ತೀರಿ ಅಂತ ಯಜಮಾನರನ್ನು ಕೇಳಿದರು. ಒಂದು ದಿನದಲ್ಲಿ ಒಬ್ಬರಿಗೆ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಅದನ್ನ ಖರ್ಚು ಅಂತ ಒಪ್ಪೋದಿಲ್ಲ. ಬೆಳೆದವರಿಂದಲೇ ನೇರವಾಗಿ ಕೊಂಡ ಕೃಷಿ ಮಾಲಿಗೆ ವಿನಾಯಿತಿ ಉಂಟು. ಬೆಲ್ಲ ಆ ವಿನಾಯಿತಿಗೆ ಬರುತ್ತೋ ಇಲ್ಲವೋ ಅನ್ನೋದು ಯಾರಿಂದ ಕೊಂಡಿರಿ, ಹೇಗೆ ತಯಾರಾಯಿತು ಅನ್ನೋದರ ಮೇಲೆ ಹೋಗುತ್ತದೆ. ಆಲೆಮನೆ ರೈತನದ್ದೇ ಇರಬಹುದು, ಬಾಡಿಗೆಗೆ ಹಿಡಿದು ಕಬ್ಬು ಕೊಂಡು ಅರೆಯೋರದ್ದೂ ಇರಬಹುದು. ಈ ವ್ಯತ್ಯಾಸ ಮಂಡ್ಯದ ಮನುಷ್ಯನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರು ಒಂದೇ ಮಾತು ಹೇಳಿದರು: 'ಅನುಮಾನ ಇರೋ ಕಡೆ ಬ್ಯಾಂಕಲ್ಲೇ ಹಾಕ್ಬುಡಿ.'

ಸಣ್ಣ ವ್ಯಾಪಾರದವರು ಹತ್ತಿರದವರನ್ನು ಯಾಕೆ ಹಿಡಿಯುತ್ತಾರೆ ಅಂತ ಕೇಳಿದರೆ ಎಲ್ಲರೂ ನಂಬಿಕೆ ಅನ್ನುತ್ತಾರೆ. ಅದು ಸರಿ. ಆದರೆ ನನ್ನ ಅನುಭವದಲ್ಲಿ ಇನ್ನೊಂದು ಕಾರಣ ಇದೆ. ನಮ್ಮಂಥವರಿಗೆ ಏನು ಕೇಳಬೇಕು ಅಂತಲೇ ಗೊತ್ತಿರೋದಿಲ್ಲ. ದೂರದವರು ನಾವು ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಕಣ್ಣಿಂದ ನೋಡಿದವರು ನಾವು ಕೇಳದೇ ಇದ್ದದ್ದನ್ನೂ ಎತ್ತುತ್ತಾರೆ. ಆ ಬಿಲ್ ಬುಕ್ಕಿನ ಮಾತನ್ನು ನಾನು ಯಾವ ಕಾಲಕ್ಕೂ ಕೇಳುತ್ತಿರಲಿಲ್ಲ.

ಸೀಸನ್ನಿನ ವಿಷಯವೂ ಇದೆ. ನಮ್ಮ ದುಡ್ಡೆಲ್ಲ ಸಂಕ್ರಾಂತಿಗೆ ಮುಂಚೆ ಮಾಲಿನಲ್ಲಿ ಕೂತಿರುತ್ತದೆ. ಎಳ್ಳು ಬೆಲ್ಲಕ್ಕೆ ಅಚ್ಚು ಬೇಕು, ಅಂಗಡಿಯವರು ಮಾಲು ಮೊದಲು ತಗೊಂಡು ಹಬ್ಬ ಆದ ಮೇಲೆ ಕೊಡುತ್ತಾರೆ. ಯುಗಾದಿಗೆ ಮತ್ತೆ ಇದೇ ಪಾಡು. ಜನವರಿಯಲ್ಲಿ ಆಡಿಟರ್ ಫೀಸು ಕೇಳಿದರೆ ನನ್ನ ಹತ್ತಿರ ಇರೋದಿಲ್ಲ. ನಮ್ಮ ಆಡಿಟರಿಗೆ ಅದು ಗೊತ್ತು, ಕೇಳೋದೂ ಇಲ್ಲ. ಆನ್‌ಲೈನಿನಲ್ಲಿ ಪ್ಲಾನ್ ಮುಗಿದರೆ ಅವತ್ತೇ ಕೆಲಸ ನಿಂತುಹೋಗುತ್ತದೆ.

ಸಾಲದ ರಿಪೋರ್ಟಿನಲ್ಲೂ ಇದನ್ನೇ ಕಂಡೆ. ಆಹಾರ ಸಂಸ್ಕರಣೆಯ ಕಿರು ಉದ್ಯಮಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆ 2020ರಲ್ಲಿ ಬಂತು. ಯಂತ್ರ, ಶೆಡ್ಡಿಗೆ ಬ್ಯಾಂಕ್ ಸಾಲ ಮಾಡಿದರೆ ಯೋಜನಾ ವೆಚ್ಚದ 35%, ಗರಿಷ್ಠ 10 ಲಕ್ಷದವರೆಗೆ ಸಹಾಯಧನ. ಒಂದು ಜಿಲ್ಲೆ ಒಂದು ಉತ್ಪನ್ನ ಅನ್ನೋ ಪಟ್ಟಿಯಲ್ಲಿ ಮಂಡ್ಯಕ್ಕೆ ಬಂದಿರೋದು ಬೆಲ್ಲವೇ. ಇದಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಬೇಕು. ದೂರದಿಂದ ಮಾಡಿಸಿ ತಂದ ಒಂದು ರಿಪೋರ್ಟನ್ನು ಪರಿಚಯದವರ ಮನೆಯಲ್ಲಿ ನೋಡಿದೆ. ವರ್ಷಕ್ಕೆ 300 ದಿನ ಒಂದೇ ಸಮ ಕೆಲಸ, ತಿಂಗಳು ತಿಂಗಳೂ ಒಂದೇ ಮಾರಾಟ ಅಂತ ಬರೆದಿತ್ತು. ಬಿಸ್ಕೆಟ್ ಫ್ಯಾಕ್ಟರಿಗೆ ಬರೆದಿದ್ದರಲ್ಲಿ ಹೆಸರು ಬದಲಾಯಿಸಿದ ಹಾಗಿತ್ತು. ಮಂಡ್ಯದ ಬ್ಯಾಂಕ್ ಮ್ಯಾನೇಜರಿಗೆ ಆಲೆಮನೆ ಹೇಗೆ ನಡೆಯುತ್ತೆ ಅಂತ ಗೊತ್ತಿರಲ್ವಾ? ಈ ಯೋಜನೆಗೆ ಜಿಲ್ಲೆಯಲ್ಲೇ ಸಂಪನ್ಮೂಲ ವ್ಯಕ್ತಿಗಳು ಅಂತ ಇದ್ದಾರೆ, ಅರ್ಜಿ ಹಾಕೋದರಿಂದ ಹಿಡಿದು ಬ್ಯಾಂಕಿನ ತನಕ ಜೊತೆಗೆ ಬರೋರು. ಅಂಥವರೊಬ್ಬರು ಕೂತು ಸೀಸನ್ ಪ್ರಕಾರ ದುಡಿಯೋ ಬಂಡವಾಳದ ಲೆಕ್ಕ ಬೇರೆ ಬರೆದುಕೊಟ್ಟರು. ಅದು ನಡೆಯೋ ವ್ಯಾಪಾರದ ಲೆಕ್ಕದ ಥರ ಇತ್ತು.

ಹತ್ತಿರದವರ ಬೆಲೆ ಎಲ್ಲರಿಗೂ ಒಟ್ಟಿಗೆ ಗೊತ್ತಾಗಿದ್ದು 2025ರ ಜುಲೈನಲ್ಲಿ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ರಾಜ್ಯದ ಸಾವಿರಾರು ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿತ್ತು. ಮಾಲು ಮಾರೋರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು ಅನ್ನೋದು ನಿಯಮ. ಆದರೆ ತೆರಿಗೆಯೇ ಇಲ್ಲದ ಮಾಲನ್ನಷ್ಟೇ ಮಾರೋರಿಗೆ ನೋಂದಣಿ ಬೇಕಿಲ್ಲ. ಹಾಲು, ತರಕಾರಿ ಮಾರೋರಿಗೂ ನೋಟಿಸ್ ಬಂದಿತ್ತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ಹಾಕಿ 'ನಗದು ಮಾತ್ರ' ಅಂತ ಬೋರ್ಡ್ ಹಾಕಿದರು.

ನಮ್ಮ ಬೀದಿಯ ಕಾಂಡಿಮೆಂಟ್ಸ್ ಅಂಗಡಿಯಣ್ಣನಿಗೂ ಬಂತು. ಅವರಿಗೆ ಆಡಿಟರೇ ಇರಲಿಲ್ಲ. ಆ ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. 'ಅಕ್ಕಾ, ಅಂಗಡಿ ಮಾರಿದ್ರೂ ಇಷ್ಟ್ ದುಡ್ಡು ಬರಾಕಿಲ್ಲ' ಅಂದರು. ಅವತ್ತೇ ಸಂಜೆ ನಮ್ಮ ಆಡಿಟರ ಹತ್ತಿರ ಕರೆದುಕೊಂಡು ಹೋದೆವು. ಮೆಟ್ಟಿಲ ಮೇಲೆಲ್ಲ ಜನ. ಬೇಕರಿಯವರು, ಟೀ ಅಂಗಡಿಯವರು, ಹಾಲಿನ ಬೂತಿನವರು. ಆಡಿಟರು ಬ್ಯಾಂಕ್ ಸ್ಟೇಟ್‌ಮೆಂಟ್ ಹರಡಿಕೊಂಡು ಪೆನ್ನಲ್ಲಿ ಗುರುತು ಹಾಕುತ್ತಾ ಹೋದರು. ಇದು ಹಾಲು ಮೊಸರಿನ ದುಡ್ಡು. ಇದು ಬಾಮೈದ ಕೊಟ್ಟ ಕೈಸಾಲ. ಇದು ಚೀಟಿ ದುಡ್ಡು. ಇದು ಮಾತ್ರ ತೆರಿಗೆ ಬೀಳೋ ವ್ಯಾಪಾರ. ಎಲ್ಲ ಜಮೆಯೂ ವ್ಯಾಪಾರದ್ದಲ್ಲ ಅಂತ ಉತ್ತರ ಬರೆದುಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡಲ್ಲ, ನೋಂದಣಿ ಮಾಡಿಕೊಳ್ಳಿ ಅಂದ ಮೇಲೆ ಊರಿಗೆ ಉಸಿರು ಬಂತು. ಅಷ್ಟರ ತನಕ ಆ ಅಣ್ಣನನ್ನು ರಾತ್ರಿ ನಿದ್ದೆ ಮಾಡಿಸಿದ್ದು ಆ ಮೆಟ್ಟಿಲ ಮೇಲಿನ ಆಫೀಸು.

ಇಷ್ಟೆಲ್ಲ ಹೇಳಿದ ಮೇಲೂ ಊರಿನವರಲ್ಲಿ ಕೊರತೆ ಇಲ್ಲ ಅನ್ನೋಕೆ ಆಗಲ್ಲ. 18ರಿಂದ 20ನೇ ತಾರೀಖಿನವರೆಗೆ ಅವರು ಫೋನ್ ಎತ್ತೋದಿಲ್ಲ. ಸೆಪ್ಟೆಂಬರ್ ತಿಂಗಳು ಪೂರ್ತಿ ಆಡಿಟ್ ಗಡಿಬಿಡಿ. ನಮ್ಮ ಲೆಕ್ಕವನ್ನು ನಿಜವಾಗಿ ಬಲ್ಲವಳು ಅವರ ಆಫೀಸಿನಲ್ಲಿ ಕಂಪ್ಯೂಟರಿನ ಟ್ಯಾಲಿ ಸಾಫ್ಟ್‌ವೇರಿಗೆ ಲೆಕ್ಕ ಹೊಡೆಯೋ ಹುಡುಗಿ. ಅವಳು ಹೆರಿಗೆಗೆ ಅಂತ ತವರಿಗೆ ಹೋದಾಗ ನಮ್ಮ ಕೆಲಸವೂ ಕುಂಟಿತು.

ಗುಟ್ಟಿನ ವಿಷಯ ಇದಕ್ಕಿಂತ ಸೂಕ್ಷ್ಮ. ಯಾರ್ಡಿನಲ್ಲಿ ನಮ್ಮ ಜೊತೆ ಪೈಪೋಟಿ ಮಾಡೋರ ಲೆಕ್ಕವೂ ಇದೇ ಆಫೀಸಿನಲ್ಲಿ ಇದೆ. ಕಾಯೋ ಬೆಂಚಿನಲ್ಲಿ ಕೂತರೆ ಎದುರಿನ ರ್‍ಯಾಕಿನಲ್ಲಿ ಫೈಲುಗಳು, ಒಂದೊಂದರ ಬೆನ್ನಿಗೂ ಸ್ಕೆಚ್ ಪೆನ್ನಲ್ಲಿ ದಪ್ಪಗೆ ಬರೆದ ಹೆಸರು. ಯಾರ ಫೈಲು ಎಷ್ಟು ದಪ್ಪ ಅಂತ ಎಲ್ಲರೂ ನೋಡಬಹುದು. ಕಕ್ಷಿದಾರರ ವಿಷಯ ಹೊರಗೆ ಬಿಟ್ಟರೆ ಸಿಎಗಳಿಗೆ, ಅಂದರೆ ಚಾರ್ಟರ್ಡ್ ಅಕೌಂಟೆಂಟರಿಗೆ, ಅದು ವೃತ್ತಿ ದುರ್ನಡತೆ ಅಂತ ಅವರ ಕಾಯ್ದೆಯಲ್ಲೇ ಇದೆ. ನಮ್ಮವರು ಬಾಯಿ ಬಿಡೋರಲ್ಲ, ನನಗೆ ಗೊತ್ತು. ಆದರೂ ಮಂಡ್ಯದ ಎಷ್ಟೋ ವರ್ತಕರು ಬೇಕಂತಲೇ 45 ಕಿಲೋಮೀಟರ್ ದಾಟಿ ಮೈಸೂರಿನ ಆಡಿಟರ ಹತ್ತಿರ ಹೋಗುತ್ತಾರೆ. ಒಬ್ಬ ಹಿರಿಯರು ನನಗೆ ನೇರವಾಗೇ ಹೇಳಿದರು: 'ನಮ್ ಲಾಭ ನಷ್ಟ ನಮ್ಮ ನೆಂಟ್ರಿಗೆ ಗೊತ್ತಾಗ್ಬಾರ್ದು ಕಣಮ್ಮ.' ಅಣ್ಣ ತಮ್ಮಂದಿರು ಪಾಲಾಗೋ ಮನೆಗಳಲ್ಲಿ ಈ ಮಾತಿಗೆ ಬಹಳ ತೂಕ ಇದೆ. ಆಡಿಟರು ಇಬ್ಬರಿಗೂ ಬೇಕಾದವರಾಗಿದ್ದರೆ ಯಾರ ಪರ ನಿಲ್ಲಬೇಕು?

ನೆಂಟಸ್ತಿಕೆಯದ್ದೂ ಇದೇ ಕಥೆ. ಹತ್ತಿರದವರನ್ನು ಬಿಡೋದು ಕಷ್ಟ. ಕೆಲಸ ಸರಿ ಇಲ್ಲ ಅಂತ ಗೊತ್ತಿದ್ದೂ ಭಾವನ ಸ್ನೇಹಿತರು, ಬೀಗರ ಕಡೆಯವರು ಅಂತ ವರ್ಷಗಟ್ಟಲೆ ಅವರಲ್ಲೇ ಇರೋರನ್ನು ನೋಡಿದ್ದೇನೆ. ಇದು ತಪ್ಪು ಅಂತ ಖಡಾಖಂಡಿತ ಹೇಳುತ್ತೇನೆ. ನೆಂಟಸ್ತಿಕೆಗೆ ಮದುವೆ ಮನೆ ಇದೆ, ಮುಡಿ ಕೊಡೋ ಹಬ್ಬ ಇದೆ. ರಿಟರ್ನ್ ಹಾಕೋಕೆ ಅದು ಬೇಕಿಲ್ಲ.

ಇನ್ನು ಊರಿನ ಆಡಿಟರಿಗೆ ಆಫೀಸರ ಪರಿಚಯ ಇರುತ್ತೆ ಅನ್ನೋ ಹಳೇ ವಾದ. ಆದಾಯ ತೆರಿಗೆಯ ಮಟ್ಟಿಗೆ ಅದರ ಕಾಲ ಹೆಚ್ಚುಕಡಿಮೆ ಮುಗೀತು. ಮುಖ ನೋಡದೆ ನಡೆಯೋ ಫೇಸ್‌ಲೆಸ್ ಅಸೆಸ್‌ಮೆಂಟ್ ಬಂದ ಮೇಲೆ ನಮ್ಮ ಫೈಲು ದೇಶದ ಯಾವ ಊರಿನ ಅಧಿಕಾರಿ ಮುಂದೆ ಬೇಕಾದರೂ ಹೋಗಬಹುದು. ಅಲ್ಲಿ ಬೇಕಾಗೋದು ಚೆನ್ನಾಗಿ ಬರೆದ ಉತ್ತರ. ಅದನ್ನ ಮೈಸೂರಿನವರು ಬರೆದರೂ ಆಯಿತು, ಮುಂಬೈಯವರು ಬರೆದರೂ ಆಯಿತು.

ನಾವು ಟ್ರೇಡ್‌ಮಾರ್ಕ್ ಮಾಡಿಸಿದಾಗ ದೂರದವರನ್ನೇ ಹಿಡಿದೆವು. ಕರ್ನಾಟಕದವರಿಗೆ ಟ್ರೇಡ್‌ಮಾರ್ಕ್ ಕಚೇರಿ ಇರೋದೇ ಚೆನ್ನೈಯಲ್ಲಿ, ಅರ್ಜಿ ಹೋಗೋದು ಆನ್‌ಲೈನಿನಲ್ಲಿ. ಬೆಲ್ಲ 30ನೇ ವರ್ಗಕ್ಕೆ ಬರುತ್ತೆ. ಇಂಥ ಅರ್ಜಿಗಳನ್ನೇ ಹಗಲೂ ರಾತ್ರಿ ನೋಡೋ ವಕೀಲರು ನಮ್ಮ ಹೆಸರಿಗೆ ಎಲ್ಲಿ ಆಕ್ಷೇಪ ಬರಬಹುದು ಅಂತ ಮೊದಲೇ ಹೇಳಿದರು. ಅವರನ್ನು ನಾನು ಇವತ್ತಿಗೂ ಮುಖತಃ ನೋಡಿಲ್ಲ. ನೋಡಬೇಕಾದ ಅಗತ್ಯವೂ ಬೀಳಲಿಲ್ಲ.

ಬೆಲ್ಲದ ಪುಡಿ ಮಳೆಗಾಲದಲ್ಲಿ ಗಂಟು ಕಟ್ಟೋ ಸಮಸ್ಯೆಗೆ ಮಾತ್ರ ನಮ್ಮ ಪುಣ್ಯ ದೊಡ್ಡದು. ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದವರು ಇಲ್ಲೇ ಇದ್ದಾರೆ, ಮೈಸೂರಿನಲ್ಲಿ ಆಹಾರ ತಂತ್ರಜ್ಞಾನದ ಸಂಶೋಧನೆ ಮಾಡೋ ಸಿಎಫ್‌ಟಿಆರ್‌ಐ ಇದೆ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಸಂಸ್ಥೆ. ದೇಶದ ಬೇರೆ ಮೂಲೆಯವರು ರೈಲು ಹತ್ತಿ ಬರೋ ಜಾಗ ನಮಗೆ ಬಸ್ಸಿನ ದೂರ. ಹತ್ತಿರ ಇದೆ ಅಂತಲೇ ನಮ್ಮವರು ಹೋಗೋದಿಲ್ಲ, ಅದು ನನಗೆ ಸಂಕಟ.

ಊರಿನವರು, ಹೊರಗಿನವರು ಅಂತ ಮಾತು ಬಂದಾಗಲೆಲ್ಲ ನನಗೆ ಕೋಲ್ಮನ್ ನೆನಪಾಗುತ್ತಾರೆ. ಲೆಸ್ಲಿ ಕೋಲ್ಮನ್ ಕೆನಡಾದವರು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದರು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗೋದಕ್ಕೆ ದುಡಿದವರಲ್ಲಿ ಅವರು ಮುಖ್ಯರು. ಅಷ್ಟು ದೂರದಿಂದ ಬಂದವರನ್ನು ಈ ಜಿಲ್ಲೆ ಇವತ್ತಿಗೂ ತನ್ನವರು ಅಂತಲೇ ನೆನೆಯುತ್ತದೆ. ಅವರು ಇಲ್ಲಿಗೆ ಬಂದು, ಇಲ್ಲಿನ ನೆಲ ನೋಡಿ ಕೆಲಸ ಮಾಡಿದವರು. ಹುಟ್ಟಿದ ಊರು ಯಾವುದು ಅಂತ ಯಾರು ಕೇಳುತ್ತಾರೆ?

ಯಾರನ್ನೇ ಇಟ್ಟುಕೊಳ್ಳಿ, ಒಂದು ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಜಿಎಸ್‌ಟಿ, ಆದಾಯ ತೆರಿಗೆ ಪೋರ್ಟಲ್‌ಗಳಲ್ಲಿ ಇರೋ ಮೊಬೈಲ್ ನಂಬರು, ಇಮೇಲು ನಿಮ್ಮದೇ ಇರಲಿ. ಅನುಕೂಲ ಅಂತ ಆಡಿಟರ ನಂಬರ್ ಹಾಕಿಸಿದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಒಟಿಪಿ ಅವರಿಗೆ ಹೋಗುತ್ತೆ, ನೋಟಿಸೂ ಅವರಿಗೇ ಹೋಗುತ್ತೆ. ಅವರನ್ನು ಬಿಡಬೇಕಾದಾಗ ನಮ್ಮ ಬೀಗದ ಕೈಯನ್ನು ಅವರ ಹತ್ತಿರ ಬೇಡಬೇಕಾಗುತ್ತೆ. ಇನ್ನೊಂದು, ಬ್ಯಾಂಕಿಗೋ ಟೆಂಡರಿಗೋ ಸಿಎ ಸರ್ಟಿಫಿಕೇಟ್ ಕೊಟ್ಟರೆ ಅದರಲ್ಲಿ ಯುಡಿಐಎನ್ ಅನ್ನೋ ನಂಬರ್ ಇರಬೇಕು. 2019ರ ಫೆಬ್ರವರಿಯಿಂದ ಅದು ಕಡ್ಡಾಯ. ಸಿಎ ಸಂಸ್ಥೆಯ ಪೋರ್ಟಲಿನಲ್ಲಿ ಆ ನಂಬರ್ ಹಾಕಿ ಯಾರು ಬೇಕಾದರೂ ಅಸಲಿಯೋ ಅಲ್ಲವೋ ನೋಡಬಹುದು. ನಮ್ಮ ಕಡೆ ಲೆಕ್ಕ ನೋಡೋರೆಲ್ಲರೂ ಆಡಿಟರೇ, ಆದರೆ ಎಲ್ಲರೂ ಸಿಎ ಅಲ್ಲ. ತಿಂಗಳ ರಿಟರ್ನಿಗೆ ಒಳ್ಳೇ ಟ್ಯಾಕ್ಸ್ ಪ್ರಾಕ್ಟೀಷನರ್ ಸಾಕು. ಆಡಿಟ್ ರಿಪೋರ್ಟಿಗೆ ಸಹಿ ಹಾಕೋಕೆ ಸಿಎನೇ ಬೇಕು.

ಈಗ ನಮ್ಮ ಪುಡಿ ಬೆಲ್ಲಕ್ಕೆ ದುಬೈನಿಂದ ಒಂದು ವಿಚಾರಣೆ ಬಂದಿದೆ. ರಫ್ತು ಅಂದರೆ ರಫ್ತುದಾರರಿಗೆ ಬೇಕಾದ ಐಇಸಿ ಕೋಡು, ಜಿಎಸ್‌ಟಿ ಕಟ್ಟದೆ ರಫ್ತು ಮಾಡೋಕೆ ಕೊಡೋ ಎಲ್‌ಯುಟಿ ಅನ್ನೋ ಮುಚ್ಚಳಿಕೆ, ಆ ದೇಶದ ಲೇಬಲ್ ನಿಯಮ, ಎಲ್ಲಾ ಹೊಸದು. ನಮ್ಮ ಆಡಿಟರೇ 'ಇದು ನನ್ನ ಕೈಲಿ ಆಗದಲ್ಲಮ್ಮ, ರಫ್ತಿನ ಕೆಲಸವನ್ನೇ ಮಾಡೋರನ್ನ ನೋಡಿ' ಅಂದರು. ಆ ಮಾತಿಗೆ ಅವರ ಮೇಲಿನ ಗೌರವ ಇನ್ನೂ ಹೆಚ್ಚಾಯಿತು. ಬೆಂಗಳೂರಿನ ಇಬ್ಬರ ಹತ್ತಿರ ಮಾತಾಡಿದೆ. ಒಬ್ಬರು ಮೊದಲೇ ಪ್ಯಾಕೇಜ್ ರೇಟು ಹೇಳಿದರು. ಇನ್ನೊಬ್ಬರು, ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು, ಬೆಲ್ಲದಲ್ಲಿ ತೇವ ಎಷ್ಟಿದೆ, ಲ್ಯಾಬ್ ರಿಪೋರ್ಟ್ ಇದೆಯಾ, ಆಲೆಮನೆಯಲ್ಲಿ ಬೆಳ್ಳಗೆ ಮಾಡೋಕೆ ಏನಾದ್ರೂ ಹಾಕ್ತಾರಾ ಅಂತ ಕೇಳಿದರು. ಅದಾದ ಮೇಲೆ, 'ಒಂದು ಸಲ ನಿಮ್ಮ ಜಾಗ ನೋಡಬಹುದಾ ಅಕ್ಕಾ? ಎಕ್ಸ್‌ಪ್ರೆಸ್‌ವೇಲಿ ಬೆಳಿಗ್ಗೆ ಬಂದು ಮಧ್ಯಾಹ್ನ ಹೊರಟುಬಿಡ್ತೀನಿ' ಅಂದರು. ಫೀಸು ಇಬ್ಬರಲ್ಲಿ ಇವರದೇ ಜಾಸ್ತಿ. ಇವರಿಗೇ ಹೂಂ ಅಂದಿದ್ದೇನೆ. ನಮ್ಮ ಆಡಿಟರನ್ನೂ ಅವತ್ತು ಶೆಡ್ಡಿಗೆ ಬರೋಕೆ ಹೇಳಿದ್ದೇನೆ, ಇಬ್ಬರೂ ಎದುರು ಬದುರು ಕೂತು ಬಿಲ್ಲಿನ ನಮೂನೆ ಒಂದು ಮಾಡಿಕೊಳ್ಳಲಿ ಅಂತ.